ಮೇಷ್ಟ್ರು ಮುಚ್ಚದ ಕಿಟಕಿ

ಕಂತು ಒಂಬತ್ತು

ಇನ್ಸ್‌ಪೆಕ್ಟರ್ ಮೇಡಂ ಹೊಗಳುತ್ತಲೇ ಇದ್ದರು. ಬೈದಿದ್ದರೆ ಮಸಿಗೆ ಇಷ್ಟು ಬೆವರು ಬರುತ್ತಿರಲಿಲ್ಲ.

ಆಕೆ ಅವನ ಮನೆಗೆ ಬಂದು ಇಪ್ಪತ್ತು ನಿಮಿಷವಾಗಿತ್ತು. ಜೊತೆಗೆ ಪೇದೆಯಿಲ್ಲ, ಕೈಯಲ್ಲಿ ಲಾಠಿಯಿಲ್ಲ. ಕಂಕುಳಲ್ಲಿ ‘ಮಬ್ಬುಬೀದಿ’ಯ ಹಳೆಯ ಸಂಚಿಕೆಗಳ ಒಂದು ಕಟ್ಟು, ಅಂಚು ಮಡಚದ ಹಾಗೆ ರಟ್ಟು ಕೊಟ್ಟು ದಾರ ಬಿಗಿದದ್ದು. ಹನ್ನೊಂದು ವರ್ಷದಿಂದ ಪ್ರತಿ ಶುಕ್ರವಾರ ಬರುತ್ತಿರುವ ಆ ಪತ್ತೇದಾರಿ ಚಿತ್ರಕತೆಯ ಒಂದು ಸಂಚಿಕೆಯನ್ನೂ ತಾನು ಬಿಟ್ಟಿಲ್ಲವೆಂದೂ, ಹೆರಿಗೆಯಾದ ಶುಕ್ರವಾರ ಮಗುವಿನ ಮುಖ ನೋಡಲು ಬಂದ ಗಂಡನನ್ನು ನಿಂತ ಕಾಲಲ್ಲೇ ಅಂಗಡಿಗೆ ಓಡಿಸಿದ್ದೆನೆಂದೂ ಹೇಳಿ ನಕ್ಕರು. ಮಸಿಯೂ ನಕ್ಕ.

ಆ ಚಿತ್ರಕತೆ ಬರೆಯುವ ಮೇಷ್ಟ್ರ ಮನೆಯ ಎದುರಿನ ಕಟ್ಟಡದ ಪಿಟೀಲು ಟೀಚರನ್ನು ಯಾರೋ ಮೂರನೆಯ ಮಹಡಿಯಿಂದ ಲಿಫ್ಟಿನ ಗುಂಡಿಗೆ ನೂಕಿ ಕೊಂದು ಇವತ್ತಿಗೆ ಏಳು ದಿನ. ಲಿಫ್ಟು ರಿಪೇರಿಯವನು ಲಾಕಪ್ಪು ಸೇರಿ ಐದು ದಿನ.

ಮೇಡಂ ಆ ಮಾತನ್ನೇ ಎತ್ತಲಿಲ್ಲ. ಮೇಜಿನ ಮೇಲೆ ಸಂಚಿಕೆಗಳನ್ನು ಹರಡಿ, ಒಂದೊಂದೇ ಚೌಕದ ಮೇಲೆ ಬೆರಳಿಟ್ಟು, ಮಸಿಗೆ ಅವನದೇ ಕೆಲಸವನ್ನು ತೋರಿಸುತ್ತಿದ್ದರು. ಮಳೆಯ ಗೆರೆಗಳನ್ನು ಬಿಳಿ ಬಣ್ಣದಲ್ಲಿ ಎಳೆಯದೆ, ಒಣಗಿದ ಕಪ್ಪನ್ನು ಬ್ಲೇಡಿನಲ್ಲಿ ಕೆರೆದು ತೆಗೆದದ್ದು. ಹಳೇ ಗೋಡೆಗೆ ಒಣ ಬ್ರಶ್ಶು ಉಜ್ಜಿದ್ದು. ಕತೆಯ ನಾಯಕ, ಆ ನಿವೃತ್ತ ಪೋಸ್ಟ್‌ಮ್ಯಾನ್, ಬಾಯಿ ತೆರೆದಾಗಲೆಲ್ಲ ಅವನ ಮಾತಿನ ಗುಳ್ಳೆ ಚೌಕದ ತಳದಲ್ಲೇ ಇರುವುದು, ಯಾಕೆಂದರೆ ಅವನು ಎಲ್ಲರೂ ಆಡಿ ಮುಗಿಸಿದ ಮೇಲೆ ಆಡುವವನು.

ಮಸಿಗೆ ಹುಟ್ಟಿದ ಹೆಸರು ಬೇರೆ ಇತ್ತು. ಮೇಷ್ಟ್ರು ಪೆನ್ಸಿಲಿನಲ್ಲಿ ಬರೆದ ಚಿತ್ರಗಳ ಮೇಲೆ ಮಸಿ ಓಡಿಸುವವನು ಅವನು. ಹನ್ನೊಂದು ವರ್ಷದಲ್ಲಿ ಉಗುರಿನ ಸಂದಿಯಿಂದ ಹೆಸರಿನವರೆಗೆ ಎಲ್ಲ ಕಪ್ಪಾಗಿತ್ತು. ಪತ್ರಿಕೆಗೆ ಬರುವ ಕಾಗದಗಳೆಲ್ಲ ಮೇಷ್ಟ್ರಿಗೆ. ಮಸಿ ಹಾಕುವವನೊಬ್ಬ ಇದ್ದಾನೆ ಅನ್ನುವುದೇ ಅರ್ಧ ಓದುಗರಿಗೆ ಗೊತ್ತಿಲ್ಲ. ಮೇಡಂ ಆಡುತ್ತಿರುವ ಈ ಮಾತುಗಳನ್ನು ಎಂಟು ದಿನ ಮೊದಲು ಯಾರಾದರೂ ಆಡಿದ್ದರೆ ಅವನು ಅವತ್ತು ಊಟ ಮರೆಯುತ್ತಿದ್ದ.

“ನನಗೆ ಇಷ್ಟ ಆಗೋದು ಕಿಟಕಿಗಳು,” ಅಂದರು ಮೇಡಂ.

ಮಸಿಯ ಕೈ ತಾನಾಗಿ ಬ್ರಶ್ಶುಗಳ ಡಬ್ಬಿಗೆ ಹೋಯಿತು. ಒಂದನ್ನು ತೆಗೆದು ಒರೆಸತೊಡಗಿದ. ಅದು ಒರೆಸಿಟ್ಟ ಬ್ರಶ್ಶೇ.

ಮೇಷ್ಟ್ರು ಯಾವತ್ತೂ ಕೊಲೆಯನ್ನು ಬರೆಯುವುದಿಲ್ಲ ಅನ್ನುವುದನ್ನು ಮೇಡಂ ಗಮನಿಸಿದ್ದರು. ಬೀದಿಯಲ್ಲಿ ಏನೋ ನಡೆಯುತ್ತದೆ. ಮೇಲೆ ಸಾಲುಸಾಲು ಕಿಟಕಿಗಳು. ಒಂದರಲ್ಲಿ ಯಾರೋ ತಲೆ ಬಾಚುತ್ತಿರುತ್ತಾರೆ, ಇನ್ನೊಂದರಲ್ಲಿ ಗಂಡ ಹೆಂಡತಿ ಜಗಳ, ಮತ್ತೊಂದರಲ್ಲಿ ಮುದುಕನೊಬ್ಬ ಅಂಗಿಯ ಗುಂಡಿ ಹೊಲಿಯುತ್ತಾನೆ. ಎಲ್ಲ ಕಿಟಕಿಯೂ ತೆರೆದಿದೆ, ಎಲ್ಲದರಲ್ಲೂ ಜನ ಇದ್ದಾರೆ, ಒಬ್ಬರೂ ಕೆಳಗೆ ನೋಡುತ್ತಿಲ್ಲ. ಇಡೀ ಮಬ್ಬುಬೀದಿಯ ಕತೆ ಅಷ್ಟೇ ಎಂದರು ಮೇಡಂ. ಪೊಲೀಸರ ಕತೆಯೂ ಅಷ್ಟೇ. ಸಾಕ್ಷಿ ಹೇಳಬೇಕಾದವರೆಲ್ಲ ಆ ಹೊತ್ತಿಗೆ ಗುಂಡಿ ಹೊಲಿಯುತ್ತಿರುತ್ತಾರೆ.

ಆಮೇಲೆ ಕಟ್ಟಿನ ಮೇಲಿನ ಸಂಚಿಕೆ ತೆಗೆದರು. ಹೋದ ಶುಕ್ರವಾರದ್ದು. ಐದನೆಯ ಪುಟ, ಪುಟದ ಅಗಲಕ್ಕೂ ಹರಡಿದ ಒಂದೇ ಚೌಕ. ಗಡಿಯಾರದ ಗೋಪುರ, ನಾಲ್ಕು ಹತ್ತು. ಪಕ್ಕದ ಕಟ್ಟಡದಲ್ಲಿ ಎಂಟು ಕಿಟಕಿ. ಏಳರಲ್ಲಿ ಬೆಳಕು, ಜನ. ಮೂರನೆಯ ಮಹಡಿಯ ಬಲತುದಿಯದು ಮಾತ್ರ ಕಪ್ಪು.

“ಇದನ್ನ ನೋಡಿ ನಾನು ಕುರ್ಚಿ ಬಿಟ್ಟು ಎದ್ದು ನಿಂತೆ, ಮಸಿಯವರೇ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಒಬ್ಬರು ಕಿಟಕಿ ಮುಚ್ಚಿದಾರೆ. ಈ ಸರಣೀಲೇ ಇಂಥ ಚೌಕ ಇನ್ನೊಂದಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ. ಮಸಿ ಮುಟ್ಟಿ ನೋಡಿಕೊಂಡದ್ದು ತನ್ನ ಬೆರಳುಗಳನ್ನು. ಅದು ಹಾಗೇನಿಲ್ಲ, ಬುಧವಾರ ಪ್ರೆಸ್ಸಿಗೆ ಕಳಿಸುವ ಅವಸರ, ಒಂದು ಕಿಟಕಿ ತುಂಬಿಬಿಟ್ಟರೆ ಹತ್ತು ನಿಮಿಷ ಉಳಿಯುತ್ತದೆ ಎಂದು ಕಪ್ಪು ಬಳಿದೆ ಅಂದ. ಕೆಲಸಕ್ಕೆ ಕಳ್ಳಬಿದ್ದದ್ದಕ್ಕೆ ನೀವು ಕಲೆಯ ಹೆಸರು ಕೊಡುತ್ತಿದ್ದೀರಿ ಎಂದು ನಗಲೂ ನೋಡಿದ.

ಮೇಡಂ ನಗಲಿಲ್ಲ. ನಿನ್ನೆ ತಾನು ಮೇಷ್ಟ್ರನ್ನು ಕಂಡೆ ಎಂದರು. ಅಲ್ಲಿ ಏನು ಬರೆದಿದ್ದಿರಿ ಎಂದು ಕೇಳಿದರೆ, ಏನೋ ಬರೆದಿದ್ದೆ, ಕೈಗೆ ಗೊತ್ತು, ನನಗೆ ನೆನಪಿಲ್ಲ ಅಂದರಂತೆ. ಕಪ್ಪು ತುಂಬಬೇಕಾದ ಜಾಗಕ್ಕೆ ನಾನು ಪೆನ್ಸಿಲಿನಲ್ಲಿ ಪುಟ್ಟ ಇಂಟು ಮಾರ್ಕು ಹಾಕಿ ಕೊಡುತ್ತೇನೆ, ಕಿಟಕಿಗೆ ಮಾತ್ರ ಹುಟ್ಟಿದಾಗಿನಿಂದ ಹಾಕಿಲ್ಲ, ಮಸಿಯನ್ನೇ ಕೇಳಿ ಅಂದರಂತೆ.

“ಅದು ಟೀಚರ ಕಿಟಕಿ. ದಿನ ಅವರು ಸತ್ತ ಮಂಗಳವಾರ, ಗಂಟೆ ನಾಲ್ಕು ಹತ್ತು. ಮೂಲ ಹಾಳೆ ಎಲ್ಲಿದೆ?”

ಹರಿದು ಹಾಕಿದೆ ಅನ್ನಬಹುದಿತ್ತು. ಆದರೆ ಗೋಡೆಯುದ್ದಕ್ಕೂ ಹನ್ನೊಂದು ವರ್ಷದ ಮೂಲ ಹಾಳೆಗಳು, ವರ್ಷಕ್ಕೊಂದು ಮರದ ಟ್ರೇಯಲ್ಲಿ, ಮೇಡಂ ಕಣ್ಣೆದುರೇ ಇದ್ದವು. ಮಸಿ ಎದ್ದು ಹಾಳೆಯನ್ನು ತಂದುಕೊಟ್ಟ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿತ್ತು. ಅಕ್ಕ ಹಲ್ಲಿನ ಆಸ್ಪತ್ರೆಯ ಕೆಲಸಕ್ಕೆ ಹೊರಡುವ ಮೊದಲು ಚಹಾ ಮಾಡಿಕೊಟ್ಟು ಒಳಗೆ ಹೋಗಿದ್ದಳು. ಪೊಲೀಸಿನವರು ಅಂತ ಹೆಚ್ಚು ಸಕ್ಕರೆ ಹಾಕಿದಾಳೆ, ಅಂಜಿಕೆ ಆದ್ರೆ ಅವಳ ಕೈ ದೊಡ್ಡದಾಗತ್ತೆ ಎಂದು ಮಸಿ ಮೊದಲಿಗೆ ತಮಾಷೆ ಮಾಡಿದ್ದ. ಈಗ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು.

ಮೇಡಂ ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದರು. ನೇರ ಹಿಡಿಯಲಿಲ್ಲ. ಬೆಳಗಿನ ಬಿಸಿಲಿಗೆ ಓರೆಯಾಗಿ, ಅಕ್ಕಿಯಲ್ಲಿ ಕಲ್ಲು ಹುಡುಕುವಾಗ ಮೊರವನ್ನು ವಾಲಿಸುವ ಹಾಗೆ ವಾಲಿಸಿ ಹಿಡಿದರು.

ಮೇಷ್ಟ್ರು ಪೆನ್ಸಿಲನ್ನು ಒತ್ತಿ ಬರೆಯುವವರು. ರಬ್ಬರು ಹಾಕಿದರೆ ಸೀಸ ಹೋಗುತ್ತದೆ, ಕಾಗದ ತಗ್ಗಿದ್ದು ತಗ್ಗಿದ್ದೇ. ಕಪ್ಪಿನ ಕೆಳಗಿಂದ, ನೀರಲ್ಲಿ ಮುಳುಗಿದವರು ಮೇಲೆದ್ದ ಹಾಗೆ, ಗೆರೆಗಳು ಎದ್ದುಬಂದವು. ಒಬ್ಬ ಹೆಂಗಸು. ನಮಗೆ ಬೆನ್ನು. ಉದ್ದ ಜಡೆ. ಎಡಭುಜದ ಮೇಲೆ ಪಿಟೀಲಿನ ತುದಿ, ಗಾಳಿಯಲ್ಲಿ ಕಮಾನು. ಬಲಭುಜ ಒಂದು ಬೆರಳಷ್ಟು ಕೆಳಗೆ.

“ಯಾರಿದು?”

ಆ ಭುಜ ಯಾಕೆ ಕೆಳಗಿದೆ ಎಂದು ಈ ಲೋಕದಲ್ಲಿ ಮಸಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅಮ್ಮ ಹೋದಾಗ ಅವನಿಗೆ ಎರಡು ವರ್ಷ, ಅಕ್ಕನಿಗೆ ಹನ್ನೊಂದು. ನಿನ್ನನ್ನು ಹೊತ್ತು ಹೊತ್ತು ನನ್ನ ತಕ್ಕಡಿ ಒಂದು ಕಡೆ ವಾಲಿತು ಕಣೋ ಎಂದು ಅವಳು ಇವತ್ತಿಗೂ ಹಂಗಿಸುತ್ತಾಳೆ.

ಬುಧವಾರ ಬೆಳಿಗ್ಗೆ ಪೆನ್ಸಿಲಿನ ಆ ಬೆನ್ನನ್ನು ಕಂಡಾಗ ಟೀಚರು ಸತ್ತದ್ದು ಯಾರಿಗೂ ಗೊತ್ತಿರಲಿಲ್ಲ. ಮಂಗಳವಾರಗಳಂದು ಆಸ್ಪತ್ರೆಯಲ್ಲಿ ಔಷಧಿ ಕಪಾಟು ಜೋಡಿಸುವ ಕೆಲಸ, ತಡವಾಗುತ್ತೆ ಅನ್ನುತ್ತಿದ್ದಳು ಅಕ್ಕ. ಇಲ್ಲಿ ನೋಡಿದರೆ ನಲವತ್ತಾರನೇ ವಯಸ್ಸಿನಲ್ಲಿ ಪಿಟೀಲು ಹಿಡಿದು ನಿಂತಿದ್ದಾಳೆ. ಓದುಗರು ಈ ಕಿಟಕಿಗಳನ್ನು ಭೂತಗನ್ನಡಿ ಹಿಡಿದು ನೋಡುತ್ತಾರೆ, ನಾಳೆ ಊರೆಲ್ಲ ಆಡಿಕೊಳ್ಳುತ್ತದೆ ಎಂದು ಬಳಿದೆ ಅಂತ ತನಗೆ ತಾನೇ ಹೇಳಿಕೊಂಡಿದ್ದ. ಅದು ಅರ್ಧ ನಿಜ. ಇನ್ನರ್ಧ, ನನಗೇ ಹೇಳಿಲ್ಲವಲ್ಲ ಅನ್ನುವ ಹೊಟ್ಟೆಯುರಿ. ಬ್ರಶ್ಶು ತುಂಬ ಮಸಿ ಅದ್ದಿ ಎರಡೇ ಎಳೆತಕ್ಕೆ ಅವಳನ್ನು ಅಳಿಸಿದ್ದ.

ಮಧ್ಯಾಹ್ನ ಒಂದಕ್ಕೆ ಸುದ್ದಿ ಬಂತು. ಹಾಳೆ ಪ್ರೆಸ್ಸಿಗೆ ಹೋದದ್ದು ಮೂರಕ್ಕೆ. ನಡುವೆ ಎರಡು ಗಂಟೆ ಇತ್ತು. ಆ ಎರಡು ಗಂಟೆ ಅವನು ಬೇರೆ ಪುಟಕ್ಕೆ ಮಳೆ ಕೆರೆಯುತ್ತ ಕೂತಿದ್ದ.

“ಟೀಚರೇ,” ಅಂದ ಮಸಿ. “ಟೀಚರೇ ಮೇಡಂ. ಪಿಟೀಲು ಇದೆಯಲ್ಲ.”

ಎಷ್ಟು ಸಲೀಸಾಗಿ ಬಂತು ಸುಳ್ಳು. ಮೇಡಂ ತಲೆಯಾಡಿಸಿ ಬಿಳಿ ಹಾಳೆಯೊಂದನ್ನು ತೆಗೆದರು. ಹಾಗಾದರೆ ಹೇಳಿಕೆ ಬರೆದುಕೊಳ್ಳುತ್ತೇನೆ, ಕೋರ್ಟಿನಲ್ಲಿ ಇದು ನಿಲ್ಲಬೇಕು, ಚಿತ್ರಗಾರ ಮನಸ್ಸಿಗೆ ಬಂದದ್ದನ್ನು ಗೀಚಿದ್ದಾನೆ ಎಂದು ವಕೀಲರು ಹಾರಿಸಿಬಿಡುತ್ತಾರೆ ಅಂದರು. ಮೇಷ್ಟ್ರು ಸುಮ್ಮನೆ ಕಲ್ಪಿಸಿ ಬರೆದಿರಬಹುದಲ್ಲ?

ಇಲ್ಲಿ ಮಸಿಗೆ ರೋಷ ಬಂತು. ಎಂಥ ಅಪರಾಧಿಗೂ ತನ್ನ ಕಸುಬಿನ ಬಗ್ಗೆ ಒಂದು ರೋಷ ಇರುತ್ತದೆ. ಮೇಷ್ಟ್ರಿಗೆ ಕಲ್ಪನೆಯೇ ಬರುವುದಿಲ್ಲ ಮೇಡಂ ಎಂದು ಶುರುಮಾಡಿದ. ಕತೆ ಹೆಣೆಯುತ್ತಾರೆ, ಅದು ಬೇರೆ. ಗೆರೆ ಮಾತ್ರ ಕಂಡದ್ದಕ್ಕೇ. ಪ್ರತಿ ಮಂಗಳವಾರ ನಾಲ್ಕು ಗಂಟೆಗೆ ತಮ್ಮ ಕಿಟಕಿಯಲ್ಲಿ ಕೂತು ಆ ಹೊತ್ತಿಗೆ ಕಣ್ಣಿಗೆ ಬಿದ್ದದ್ದನ್ನು ಹಿನ್ನೆಲೆಗೆ ಇಳಿಸುತ್ತಾರೆ. ಒಂದು ವರ್ಷ ಗಡಿಯಾರದ ಗೋಪುರಕ್ಕೆ ರಿಪೇರಿಗೆಂದು ಎರಡು ತಿಂಗಳು ಗೋಣಿ ಸುತ್ತಿದ್ದರು. ಮಬ್ಬುಬೀದಿಯಲ್ಲೂ ಎರಡು ತಿಂಗಳು ಗಡಿಯಾರಕ್ಕೆ ಗೋಣಿ. ಕೊಲೆಯಾದ ಗಂಟೆಯ ಮೇಲೇ ಕತೆ ನಿಂತಿತ್ತು, ಸಂಪಾದಕರು ಕೈಮುಗಿದರು, ಒಂದು ಮುಳ್ಳು ಬರೆಯಿರಿ ಮಹಾರಾಯರೇ ಅಂದರು. ಮೇಷ್ಟ್ರು ಕತೆ ಬದಲಿಸಿದರೇ ಹೊರತು ಕಾಣದ ಮುಳ್ಳು ಬರೆಯಲಿಲ್ಲ.

“ಬರ್ಕೊಳ್ಳಿ. ಮೇಷ್ಟ್ರು ಕಂಡದ್ದನ್ನಷ್ಟೇ ಬರೀತಾರೆ. ಎಲ್ಲಿಂದ ಕಂಡ್ರೋ ಅಲ್ಲಿಂದ್ಲೇ. ಒಂದು ಕೂದಲೆಳೆ ಆಚೀಚೆ ಮಾಡಲ್ಲ.”

ಮೇಡಂ ಅದನ್ನು ಹಾಗೆಹಾಗೇ ಬರೆದುಕೊಂಡರು. ಅದರ ಕೆಳಗೆ ಇನ್ನೊಂದು ಸಾಲು: ಚಿತ್ರದಲ್ಲಿ ಇರುವವರು ಟೀಚರೇ. ಕಾಗದವನ್ನು ಅವನ ಕಡೆ ತಿರುಗಿಸಿ ಪೆನ್ನು ಕೊಟ್ಟರು.

“ಒಳ್ಳೇದಾಯ್ತು. ಲಿಫ್ಟಿನವನ ಕತೆ ಇವತ್ತಿಗೆ ಮುಗೀತು.”

ಮಸಿಗೆ ಅರ್ಥವಾಗಲಿಲ್ಲ. ಮೇಡಂ ಸಂಚಿಕೆಗಳನ್ನು ಮತ್ತೆ ಕಟ್ಟಿಗೆ ಸೇರಿಸುತ್ತ, ಬಸ್ಸಿನ ವೇಳೆ ಹೇಳುವವರ ಹಾಗೆ, ಬಿಡಿಸಿ ಹೇಳಿದರು. ಲಿಫ್ಟಿನವನು ಐದು ದಿನದಿಂದ ಒಂದೇ ಮಾತು ಹೇಳುತ್ತಿದ್ದಾನೆ. ನಾಲ್ಕು ಗಂಟೆಯಿಂದ ನಾಲ್ಕೂವರೆವರೆಗೆ ಮೇಲೆ ಪಿಟೀಲು ಕೇಳಿಸುತ್ತಿತ್ತು, ಒಂದೇ ಸಾಲು, ಮೂರು ಸಲ, ಮೂರು ಸಲವೂ ತಪ್ಪು. ಕಲಿಯುವವರು ಯಾರೋ ಇದ್ದರು, ಅವರನ್ನು ಹುಡುಕಿ ಕೇಳಿ, ನಾನಲ್ಲದೆ ಬೇರೆಯವರೂ ಮೇಲೆ ಇದ್ದರು ಅಂತ ಅವರು ಹೇಳುತ್ತಾರೆ ಅನ್ನುತ್ತಾನೆ. ಟೀಚರ ಡೈರಿಯಲ್ಲಿ ಮಂಗಳವಾರಕ್ಕೆ ಶಿಷ್ಯರೇ ಇಲ್ಲ. ಈಗ ಆ ಹೊತ್ತಿಗೆ ನುಡಿಸುತ್ತಿದ್ದದ್ದು ಟೀಚರೇ ಅಂತಾಯಿತು. ಮೂವತ್ತು ವರ್ಷ ಕಲಿಸಿದ ಕೈ ಒಂದೇ ಸಾಲನ್ನು ಮೂರು ಸಲ ತಪ್ಪುತ್ತದೆಯೇ? ಅವನು ಸುಳ್ಳುಗಾರ. ಹಿಂದೆ ಒಮ್ಮೆ ಸುತ್ತಿಗೆಯ ಸದ್ದಿಗೆ ಅವರಿಬ್ಬರಿಗೂ ಜಗಳವಾಗಿತ್ತು. ಲಿಫ್ಟಿನ ಬಾಗಿಲು ತೆಗೆದಿಟ್ಟವನೂ ಅವನೇ. ನಾಳೆ ಕೋರ್ಟಿಗೆ ಒಪ್ಪಿಸುತ್ತೇನೆ.

ಪೆನ್ನು ಮಸಿಯ ಕೈಯಲ್ಲಿತ್ತು.

ಠಾಣೆ ಪ್ರೆಸ್ಸಿಗೆ ಹೋಗುವ ದಾರಿಯಲ್ಲೇ ಇದೆ. ಲಿಫ್ಟಿನವನ ಹೆಂಡತಿ ಹೊರಗಿನ ಬೆಂಚಿನ ಮೇಲೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿರುವುದನ್ನು ಅವನು ಐದು ದಿನವೂ ನೋಡಿದ್ದ. ಮೊದಲ ದಿನ ಎದುರಿನ ಫುಟ್‌ಪಾತಿಗೆ ದಾಟಿದ್ದ. ಆಮೇಲೆ ದಾಟುವುದೂ ಬೇಡವೆನಿಸಿತು. ತಲೆಯೆತ್ತದೆ ನಡೆದರೆ ಸಾಕು. ಗುಂಡಿ ಹೊಲಿಯುವ ಮುದುಕನಿಗಾದರೂ ಕಣ್ಣು ಕೆಲಸದ ಮೇಲಿತ್ತು.

ಒಂದು ಕಡೆ ಆ ಡಬ್ಬಿ. ಇನ್ನೊಂದು ಕಡೆ ಆ ಭುಜ. ಅಕ್ಕ ಅಲ್ಲಿದ್ದಳು ಅಂದರೆ, ಟೀಚರನ್ನು ಜೀವಂತ ಕಂಡ ಕೊನೆಯವಳು ಅಕ್ಕ. ಲಾಕಪ್ಪಿನ ಬಾಗಿಲು ಒಬ್ಬನಿಗೆ ತೆರೆದರೆ ಇನ್ನೊಬ್ಬರಿಗೆ ಮುಚ್ಚಲೇಬೇಕು. ಮೇಡಂ ಅವಸರ ಮಾಡಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಯಾವಾಗಲೋ ನಿಂತುಹೋಗಿತ್ತು.

“ಅದು ಟೀಚರಲ್ಲ,” ಅಂದ ಮಸಿ. ಆಮೇಲೆ ಮೇಜಿಗೆ ಹೇಳುವ ಹಾಗೆ, “ಅದು ನಮ್ಮಕ್ಕ.”

ಮೇಡಂ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪೆನ್ನು ಇಸಿದುಕೊಂಡು ಎರಡನೆಯ ಸಾಲನ್ನು ಹೊಡೆದುಹಾಕಿ ಹೊಸ ಸಾಲು ಬರೆದು ಪೆನ್ನು ಮರಳಿಸಿದರು. ಮಸಿ ಸಹಿ ಮಾಡಿದ. ಜೀವಮಾನದಲ್ಲಿ ಅಷ್ಟು ಕೆಟ್ಟ ಗೆರೆ ಅವನು ಎಳೆದಿರಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈ ಒದ್ದೆ, ಆಸ್ಪತ್ರೆಯ ಬಿಳಿ ಕೋಟು ತೋಳಿನ ಮೇಲೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಸಂಚಿಕೆ ಶುಕ್ರವಾರಾನೇ ನೋಡಿದೆ ಪುಟ್ಟ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. “ಕಿಟಕಿ ಮುಚ್ಚಿದ್ದೀಯ ಅಂದ್ರೆ ನೀನು ನನ್ನ ನೋಡಿದೀಯ ಅಂತಾಯ್ತು. ಸರಿ, ಕೇಳ್ತಾನೆ ಅಂದ್ಕೊಂಡೆ. ನಾಲ್ಕು ದಿನ ನಿನಗೆ ಅನ್ನ ಬಡಿಸ್ತಾ ಕಾದೆ. ನೀನು ಕೇಳಲೇ ಇಲ್ಲ. ನಾನೇ ಮಾಡಿದೆ ಅಂದ್ಕೊಂಡ್ಯೇನೋ?”

ಮಸಿ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. ಇಲ್ಲ ಅಂದರೆ ಅದೂ ಸುಳ್ಳಾಗುತ್ತಿತ್ತು.

ಮೇಡಂ ಕುರ್ಚಿ ಎಳೆದು ಅಕ್ಕನನ್ನು ಕೂರಿಸಿದರು. ಅಕ್ಕ ಮುಚ್ಚುಮರೆಯಿಲ್ಲದೆ ಹೇಳಿದಳು. ಎಂಟು ತಿಂಗಳಿಂದ ಕಲಿಯುತ್ತಿದ್ದಾಳೆ. ಈ ವಯಸ್ಸಿಗೆ ಇವಳಿಗೇನು ಶೋಕಿ ಅಂತಾರೆಂದು ನಾಚಿಕೆ. ಡೈರಿಯಲ್ಲೂ ಹೆಸರು ಬರೆಯಬೇಡಿ ಎಂದು ಟೀಚರಿಗೆ ಹೇಳಿದ್ದಳು. ಅವತ್ತು ನಾಲ್ಕಕ್ಕೆ ಹೋಗಿ, ನಾಲ್ಕೂವರೆಗೆ ಲಿಫ್ಟು ಕೆಟ್ಟಿದ್ದರಿಂದ ಮೆಟ್ಟಿಲಿಳಿದು ಬಂದಳು. ಟೀಚರು ಬಾಗಿಲವರೆಗೆ ಬಂದು ಕೈಬೀಸಿದರು. ಲಿಫ್ಟಿನವನನ್ನು ಹಿಡಿದದ್ದು ತಿಳಿದಾಗ ಠಾಣೆಗೆ ಹೋಗಬೇಕೆಂದೇ ಹೊರಟಿದ್ದಳು. ಅಷ್ಟರಲ್ಲಿ ಶುಕ್ರವಾರ ಬಂತು. ಇವನು ಮುಚ್ಚಿಟ್ಟದ್ದನ್ನು ನಾನು ತೆಗೆದರೆ ಇವನ ಕೈಗೆ ಬೇಡಿ ಬೀಳುತ್ತದೆ ಅಂದುಕೊಂಡು ಸುಮ್ಮನಾದಳು.

ಹೇಳುತ್ತ ಹೇಳುತ್ತ ಮೂಲ ಹಾಳೆಯನ್ನು ಕೈಗೆತ್ತಿಕೊಂಡು, ಮೇಡಂ ಹಿಡಿದಂತೆಯೇ ಬೆಳಕಿಗೆ ವಾಲಿಸಿದಳು. ತನ್ನ ಬೆನ್ನನ್ನು ತಾನೇ ನೋಡಿದಳು. ನೋಡಿದವಳ ಹುಬ್ಬು ಗಂಟಾಯಿತು.

“ಇದು ನಾನೇ. ಆದ್ರೆ ನಾನು ಹಿಂಗೆ ನಿಂತಿರ್ಲಿಲ್ಲ.”

“ಹೇಗೆ ನಿಂತಿದ್ರಿ?”

“ಟೀಚರು ಪಾಠದ ಪುಸ್ತಕ ಇಡೋದು ಕಿಟಕಿ ಹತ್ರ, ಬೆಳಕಿಗೆ. ನನ್ನ ಮುಖ ಬೀದಿ ಕಡೆಗಿತ್ತು. ಎದುರುಗಡೆಯಿಂದ ಯಾರಾದ್ರೂ ನೋಡಿಬಿಟ್ರೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ನುಡಿಸ್ತಿದ್ದೆ. ಮೇಷ್ಟ್ರ ಕಿಟಕೀಲಿ ಅವತ್ತು ಯಾರೂ ಇರ್ಲಿಲ್ಲ, ಸದ್ಯ ಅಂದ್ಕೊಂಡೆ.”

ಹಾಳೆಯ ಮೇಲಿನ ಹೆಂಗಸು ಮೂವರಿಗೂ ಬೆನ್ನು ಹಾಕಿ ನಿಂತಿದ್ದಳು. ಎದುರು ಮನೆಯಿಂದ ನೋಡಿದವನಿಗೆ ಕಾಣಬೇಕಾದದ್ದು ಮುಖ. ಬೆನ್ನು ಕಾಣಬೇಕಾದರೆ ಅವಳ ಹಿಂದೆ, ಕೋಣೆಯ ಒಳಗೆ ಇರಬೇಕು. ಉಳಿದ ಏಳು ಕಿಟಕಿಗಳನ್ನು ಮನೆಗೆ ಮರಳಿದ ಮೇಲೆ ಕಂಡು ಬರೆದಿರಬಹುದು, ಈ ಬೆನ್ನನ್ನಲ್ಲ.

ಬೇರೆ ಯಾರಾದರೂ ಮನೆಯಲ್ಲಿದ್ದರೇ ಎಂದು ಮೇಡಂ ಬಹಳ ಮೆತ್ತಗೆ ಕೇಳಿದರು. ಅಕ್ಕ ಯೋಚಿಸಿದಳು. ತಾನು ಯಾರನ್ನೂ ನೋಡಲಿಲ್ಲ ಅಂದಳು. ಒಳಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು. ತಪ್ಪಿದ ಸಾಲನ್ನು ಟೀಚರು ಮೂರು ಸಲ ನುಡಿಸು ಅಂದರು, ಯಾವತ್ತೂ ಹಾಗೆ ಮಾಡಿದವರಲ್ಲ. ಮೂರು ಸಲವೂ ತನ್ನನ್ನು ನೋಡದೆ ಆ ಬಾಗಿಲ ಕಡೆ ನೋಡಿ ನಗುತ್ತಿದ್ದರು.

ಆ ಬಾಗಿಲ ಹಿಂದಿನಿಂದ ಈ ಬೆನ್ನನ್ನು ಬರೆದದ್ದು ಮೇಷ್ಟ್ರ ಕೈ. ಮಸಿಗೆ ಬ್ರಶ್ಶು ಹಿಡಿಯಲು ಕಲಿಸಿದ ಕೈ ಅದು. ಅಪ್ಪನ ಮುಖ ನೆನಪಿಲ್ಲದವನಿಗೆ, ನಿನ್ನ ಗೆರೆ ನಿಧಾನ, ಸೋಮಾರಿಯಲ್ಲ ಎಂದು ಮೊದಲ ಬಾರಿಗೆ ಹೇಳಿದ ಬಾಯಿ.

ಮೇಡಂ ಹೇಳಿಕೆಯ ಕಾಗದವನ್ನು ಮತ್ತೆ ಅವನ ಮುಂದೆ ಸರಿಸಿದರು. ಈಗಷ್ಟೇ ಅವನೇ ರೋಷದಿಂದ ಬರೆಸಿದ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಮೇಷ್ಟ್ರು ಕಂಡದ್ದನ್ನಷ್ಟೇ ಬರೆಯುತ್ತಾರೆ. ಎಲ್ಲಿಂದ ಕಂಡರೋ ಅಲ್ಲಿಂದಲೇ.

“ಇದನ್ನ ಹೇಳಬಲ್ಲವರು ಊರಿಗೆ ನೀವೊಬ್ಬರೇ ಮಸಿಯವರೇ. ನಿಮಗೆ ಇದರ ಮೇಲೆ ಅನುಮಾನ ಇದ್ರೆ ಈಗಲೇ ಹೊಡೆದುಹಾಕಿ. ನಾನು ತಡೆಯಲ್ಲ.”

ಪೆನ್ನನ್ನು ಮುಚ್ಚಳ ತೆಗೆದು ಅವನ ಪಕ್ಕದಲ್ಲಿಟ್ಟರು. ಅಕ್ಕ ಬಿಳಿ ಕೋಟನ್ನು ಮಡಿಲಲ್ಲಿ ಹಿಡಿದು ಅವನ ಕೈಯನ್ನೇ ನೋಡುತ್ತಿದ್ದಳು.

ಮಸಿ ಪೆನ್ನು ತೆಗೆದುಕೊಂಡ.